ಹಳೆಯ ವಾಹನಗಳ ನಿಷೇಧ: ವಯಸ್ಸೊಂದೇ ಮಾನದಂಡವೆ?

ಕೆಲವು ವಾರಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಲೆಕ್ಕಪತ್ರಗಳಿಗೆ ಸಹಿ ಹಾಕಲೆಂದು ಕಛೇರಿಗೆ ಬಂದಿದ್ದರು. ವಯಸ್ಸು ಅರವತ್ತರ ಸಮೀಪ. 2009ರಲ್ಲಿ ಸಾಲ ಮಾಡಿ ಕೊಂಡ ಲಾರಿಯೊಂದೇ ಅವರ ಜೀವನಾಧಾರ. ಕೆಂಪುಕಲ್ಲು, ಜಲ್ಲಿ, ಸಿಮೆಂಟು, ಮಳೆಗಾಲ ಮುಗಿದ ಮೇಲೆ ಒಂದಿಷ್ಟು ಹಂಚು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಪಟ್ಟಿಯೇ ಅವರ ಪ್ರಪಂಚ. ಸಹಿ ಹಾಕಿದ ಮೇಲೆ ಪೆನ್ನನ್ನು ಕೆಳಗಿಡದೆ ಅವರು ಕೇಳಿದ ಮಾತು ಇದು: "ಗಾಡಿ ಗುಜ್ರಿಗ್ ಹಾಕಿ ಅಂಬ್ರ್, ಹೊಸ್ತಕ್ಕ್ ದುಡ್ಡ್ ಯಾರ್ ಕೊಡ್ತ್ರ್ ಮಾರಾಯ್ರೆ?"

ದೆಹಲಿಯಲ್ಲಿ ಹಳೆಯ ವಾಹನಗಳಿಗೆ ಪೆಟ್ರೋಲು ಬಂಕಿನಲ್ಲಿ ಇಂಧನ ನಿರಾಕರಿಸಿದ ಸುದ್ದಿಯನ್ನು ಅವರು ದೂರದರ್ಶನದಲ್ಲಿ ನೋಡಿದ್ದರು. ಅದು ನಾಳೆ ಕುಂದಾಪುರಕ್ಕೂ ಬರುವುದೆಂಬುದು ಅವರ ಭಯ. ನಮ್ಮ ಮೂರು ತಾಲೂಕುಗಳ ಯಾವ ಪಟ್ಟಣದಲ್ಲಿಯೂ ಅಂತಹ ನಿಷೇಧವಿಲ್ಲ, ಕರ್ನಾಟಕದಲ್ಲಿ 15 ವರ್ಷ ದಾಟಿದ ವಾಹನವು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶುಲ್ಕ ತೆತ್ತರೆ ಓಡಬಹುದು ಎಂದು ನಾನು ಸಮಾಧಾನ ಹೇಳಿ ಕಳುಹಿಸಿದೆ. ಆದರೆ ಅವರ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎಂಬ ಅರಿವು ನನ್ನನ್ನು ಬಿಡಲಿಲ್ಲ. ಪ್ರಸ್ತುತ ಲೇಖನವು ಆ ಉತ್ತರದ ಪ್ರಯತ್ನವಾಗಿದೆ.

ಮೊದಲಿಗೆ ದೆಹಲಿಯ ಪ್ರಕರಣವನ್ನು ಸಂಕ್ಷೇಪವಾಗಿ ಗಮನಿಸೋಣ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿಯೇ 15 ವರ್ಷ ಮೀರಿದ ವಾಣಿಜ್ಯ ವಾಹನಗಳನ್ನು ರಾಜಧಾನಿಯ ರಸ್ತೆಗಳಿಂದ ತೆಗೆಯುವಂತೆ ಆದೇಶಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರ ನವೆಂಬರಿನಲ್ಲಿ 15 ವರ್ಷ ಮೀರಿದ ಎಲ್ಲ ವಾಹನಗಳಿಗೂ, 2015ರ ಏಪ್ರಿಲಿನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೂ ತಡೆಯೊಡ್ಡಿತು. 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಇಂತಹ ವಾಹನಗಳಿಗೆ ಇಂಧನವನ್ನೇ ನಿರಾಕರಿಸುವ ಕ್ರಮ ಆರಂಭವಾಗಿ, ಸಾರ್ವಜನಿಕರ ಆಕ್ರೋಶದಿಂದ ಒಂದೇ ವಾರದೊಳಗೆ ಮುಂದೂಡಲ್ಪಟ್ಟಿತು. ಆಗಸ್ಟ್ 12ರಂದು ನ್ಯಾಯಾಲಯವು ಕೇವಲ ವಯಸ್ಸಿನ ಕಾರಣಕ್ಕಾಗಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿ.ಎಸ್.-4 ಮತ್ತು ಅದರ ನಂತರದ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು. ಅಂದರೆ ಕ್ಯಾಲೆಂಡರನ್ನು ನೋಡುತ್ತಿದ್ದ ಕಾನೂನು ಇಪ್ಪತ್ತೇಳು ವರ್ಷಗಳ ನಂತರ ಎಂಜಿನ್ನಿನ ಕಡೆಗೆ ಮುಖ ತಿರುಗಿಸಿತು.

ಈ ತಿರುವು ನಮ್ಮಂತಹ ಸಣ್ಣ ಪಟ್ಟಣಗಳ ವರ್ತಕರಿಗೆ ಬಹಳ ಮುಖ್ಯವಾದುದು. ಏಕೆಂದರೆ ಮಹಾನಗರ ಹೊರಗೆ ಹಾಕಿದ ವಾಹನ ಇಲ್ಲವಾಗುವುದಿಲ್ಲ. ಅದು ಪ್ರಯಾಣ ಮಾಡುತ್ತದೆ. ದೆಹಲಿಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಕಾರುಗಳು ನಿರಾಕ್ಷೇಪಣಾ ಪತ್ರ ಪಡೆದು ಅನ್ಯ ರಾಜ್ಯಗಳಿಗೆ ಅಗ್ಗದ ಬೆಲೆಗೆ ಮಾರಾಟವಾದವು. ಅಂತಹ ಒಂದು ದೊಡ್ಡ ಕಾರನ್ನು ಬೈಂದೂರು ಕಡೆಯ ನನ್ನ ಪರಿಚಿತ ವರ್ತಕರೊಬ್ಬರು ಕೊಂಡರು. ಬೆಲೆ ಕೇಳಿ ನಾನೂ ತಲೆದೂಗಿದ್ದೆ. ಇಲ್ಲಿನ ತೆರಿಗೆ, ದಲ್ಲಾಳಿಯ ಖರ್ಚು, ಎಂಜಿನ್ ರಿಪೇರಿ ಎಲ್ಲ ಸೇರಿದ ಮೇಲೆ ಅಗ್ಗವೆಂಬ ಮಾತು ಉಳಿಯಲಿಲ್ಲ. ಹಣದ ಮಾತು ಹಾಗಿರಲಿ, ದೆಹಲಿಗೆ ಬೇಡವಾದ ಹೊಗೆಯನ್ನು ನಾವು ಹಣ ಕೊಟ್ಟು ಊರಿಗೆ ತಂದೆವು.

ಲಾರಿಗಳ ವಿಷಯದಲ್ಲಿ ಈ ಇಳಿಜಾರು ಇನ್ನೂ ಹಳೆಯದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾಮಾನ್ಯ ಲಾರಿಗೆ 12 ವರ್ಷ, ಬಹು ಆಕ್ಸಲ್ ಲಾರಿಗೆ 15 ವರ್ಷ ಮೀರಿದ ಮೇಲೆ ನ್ಯಾಷನಲ್ ಪರ್ಮಿಟ್ ದೊರೆಯುವುದಿಲ್ಲ. ವಯಸ್ಸಿನ ನಿಷೇಧ ನಮಗೆ ಹೊಸತೇನಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಮುಂಬಯಿ ಕೊಚ್ಚಿಗಳ ನಡುವೆ ಓಡಿ ದಣಿದ ಗಾಡಿ ಅನಂತರ ರಾಜ್ಯದೊಳಗಿನ ಸಾಗಣೆಗೆ ಇಳಿಯುತ್ತದೆ. ಅಲ್ಲಿಂದ ಕಲ್ಲು, ಮರಳು, ಕಟ್ಟಿಗೆಯ ಬಾಡಿಗೆಗೆ ಇಳಿಯುತ್ತದೆ. ಸಿದ್ದಾಪುರ ದಾಟಿ ಹೊಸಂಗಡಿಯ ಮೇಲೆ ಬಾಳೆಬರೆ ಘಾಟಿಯನ್ನು ಏರುವಾಗ ಮುಂದಿನ ಲಾರಿಯ ಕರಿಹೊಗೆಯೊಳಗೆ ಸಿಲುಕಿದವರಿಗೆ ಈ ಇಳಿಜಾರಿನ ಕೊನೆಯ ಮೆಟ್ಟಿಲು ಯಾವುದೆಂದು ವಿವರಿಸಬೇಕಾಗಿಲ್ಲ.

ಹಾಗಾದರೆ ನನ್ನ ಕಕ್ಷಿದಾರರ ಲಾರಿ ನಿರಪರಾಧಿಯೆ? ಭಾವನೆಯನ್ನು ಬದಿಗಿಟ್ಟು ಲೆಕ್ಕ ಹಾಕಿ ನೋಡೋಣ.

ಅವರು ಗಾಡಿ ಕೊಂಡ 2009ರಲ್ಲಿ ಬೆಂಗಳೂರು ಸೇರಿದಂತೆ ಕೆಲವೇ ಮಹಾನಗರಗಳಲ್ಲಿ ಬಿ.ಎಸ್.-3 ಜಾರಿಯಲ್ಲಿತ್ತು. ಉಳಿದ ದೇಶಕ್ಕೆ ಅದು ಬಂದದ್ದು 2010ರಲ್ಲಿ. ಆದುದರಿಂದ ಕುಂದಾಪುರದಲ್ಲಿ ಆಗ ದೊರೆಯುತ್ತಿದ್ದುದು ಬಿ.ಎಸ್.-2 ಲಾರಿ. ಇಂಧನದಲ್ಲಿಯೂ ಇದೇ ಭೇದ: ಬಿ.ಎಸ್.-2 ಡೀಸೆಲಿನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 500 ಭಾಗ, ಬಿ.ಎಸ್.-3ರಲ್ಲಿ 350, ಬಿ.ಎಸ್.-4ರಲ್ಲಿ 50, ಈಗಿನ ಬಿ.ಎಸ್.-6ರಲ್ಲಿ ಕೇವಲ 10. ಮಹಾನಗರಕ್ಕೆ ಶುದ್ಧವಾದುದನ್ನೂ ನಮಗೆ ಎರಡನೆಯ ದರ್ಜೆಯದನ್ನೂ ಹಂಚಿದ್ದು ಸರ್ಕಾರದ ನೀತಿಯೇ ಹೊರತು ವರ್ತಕನ ಆಯ್ಕೆಯಲ್ಲ. ಹದಿನೈದು ವರ್ಷಗಳ ನಂತರ ಅದೇ ಗಾಡಿಯನ್ನು ತೋರಿಸಿ ಮಾಲೀಕನನ್ನು ಮಾತ್ರ ತಪ್ಪಿತಸ್ಥನೆನ್ನುವುದು ನ್ಯಾಯವಲ್ಲ. ಇಷ್ಟು ನಮ್ಮ ಪರವಾದ ವಾದ.

ಇನ್ನೊಂದು ಮಗ್ಗುಲೂ ಇದೆ. ಭಾರಿ ಡೀಸೆಲ್ ಎಂಜಿನ್ನಿನ ಕಣ ಮಾಲಿನ್ಯದ ಮಿತಿ ಬಿ.ಎಸ್.-2ರಲ್ಲಿ ಪ್ರತಿ ಕಿಲೋವ್ಯಾಟ್ ಗಂಟೆಗೆ 0.15 ಗ್ರಾಂ ಇದ್ದುದು ಬಿ.ಎಸ್.-6ರಲ್ಲಿ 0.01 ಗ್ರಾಂ ಆಗಿದೆ. ನೈಟ್ರೋಜನ್ ಆಕ್ಸೈಡುಗಳ ಮಿತಿ 7.0ರಿಂದ 0.40ಕ್ಕೆ ಇಳಿದಿದೆ. ಪರೀಕ್ಷಾ ವಿಧಾನಗಳು ಬೇರೆಯಾಗಿದ್ದರೂ ಸ್ಥೂಲವಾಗಿ ಹದಿನೈದು ಪಟ್ಟು ವ್ಯತ್ಯಾಸವೆನ್ನಬಹುದು. ನನ್ನ ಕಕ್ಷಿದಾರರ ಲಾರಿ ತಿಂಗಳಿಗೆ ಸುಮಾರು 1,000 ಕಿ.ಮೀ. ಓಡುತ್ತದೆ, ದೂರಮಾರ್ಗದ ಹೊಸ ಲಾರಿ 8,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಎಂಟನೆಯ ಒಂದು ಪಾಲು ಓಡಿಯೂ ಹಳೆಯ ಗಾಡಿ ಹೆಚ್ಚುಕಡಿಮೆ ಎರಡು ಪಟ್ಟು ಮಸಿಯನ್ನು ಉಗುಳುತ್ತದೆ. ಅದೂ ಹೆದ್ದಾರಿಯ ಬಯಲಿನಲ್ಲಿ ಅಲ್ಲ. ಶಾಸ್ತ್ರಿ ವೃತ್ತದಲ್ಲಿ, ಸಂತೆಯ ಬದಿಯಲ್ಲಿ, ಶಾಲೆಯ ಗೇಟಿನ ಎದುರಿನಲ್ಲಿ. "ಕಡಿಮೆ ಓಡುವ ಗಾಡಿಯಿಂದ ಹಾನಿಯಿಲ್ಲ" ಎಂದು ನಾನೇ ಹಲವು ಸಭೆಗಳಲ್ಲಿ ವಾದಿಸಿದ್ದೆ. ಈ ಲೆಕ್ಕ ಹಾಕಿದ ಮೇಲೆ ಆ ವಾದವನ್ನು ಹಿಂದಕ್ಕೆ ಪಡೆದಿದ್ದೇನೆ.

ಆದರೂ ವಯಸ್ಸೇ ಮಾನದಂಡವಾಗಬಾರದೆಂಬ ಅಭಿಪ್ರಾಯವನ್ನು ನಾನು ಬಿಟ್ಟಿಲ್ಲ. ಸರಿಯಾದ ಸರ್ವಿಸ್ ಕಂಡು ದಿನಸಿ ಸಾಗಿಸಿದ ಹನ್ನೆರಡು ವರ್ಷದ ಗಾಡಿ ಗಟ್ಟಿಯಾಗಿರಬಹುದು. ಗಂಗೊಳ್ಳಿ ಬಂದರಿನಿಂದ ಉಪ್ಪುನೀರು ಸುರಿಸುತ್ತ ಮೀನು ಸಾಗಿಸುವ ಗಾಡಿಯ ಚಾಸಿ ಏಳನೆಯ ವರ್ಷಕ್ಕೆ ತುಕ್ಕು ಹಿಡಿದು ಹೋಗಿರಬಹುದು. ಕಡಲ ಗಾಳಿಯೂ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆಯೂ ಇರುವ ಈ ಕರಾವಳಿಯಲ್ಲಿ ಕಬ್ಬಿಣಕ್ಕೆ ಬೇರೆಯದೇ ಪಂಚಾಂಗವಿದೆ. 15 ಎಂಬ ಅಂಕೆ ಮೊದಲನೆಯದನ್ನು ಕೊಲ್ಲುತ್ತದೆ, ಎರಡನೆಯದನ್ನು ಎಂಟು ವರ್ಷ ಕಾಯುತ್ತದೆ.

ಲಂಡನ್ ನಗರವು 2019ರ ಏಪ್ರಿಲಿನಲ್ಲಿ ಆರಂಭಿಸಿ 2023ರ ಆಗಸ್ಟಿನಲ್ಲಿ ಇಡೀ ನಗರಕ್ಕೆ ವಿಸ್ತರಿಸಿದ ವ್ಯವಸ್ಥೆಯಲ್ಲಿ ವಾಹನದ ವಯಸ್ಸನ್ನು ಯಾರೂ ಕೇಳುವುದಿಲ್ಲ. ಪೆಟ್ರೋಲ್ ಕಾರು ಯೂರೋ-4, ಡೀಸೆಲ್ ಕಾರು ಯೂರೋ-6 ಮಟ್ಟ ಮುಟ್ಟಿದ್ದರೆ ಶುಲ್ಕವಿಲ್ಲ; ಇಲ್ಲವಾದರೆ ದಿನಕ್ಕೆ 12.50 ಪೌಂಡ್. ಜೊತೆಗೆ ಹಳೆಯ ವಾಹನ ಬಿಟ್ಟುಕೊಡುವ ಸಣ್ಣ ವ್ಯಾಪಾರಿಗಳಿಗೆ ಧನಸಹಾಯವನ್ನೂ ಒದಗಿಸಲಾಯಿತು. ನಮ್ಮಲ್ಲಿಯೂ 2025ರ ನವೆಂಬರ್ 1ರಿಂದ ದೆಹಲಿಯ ಹೊರಗೆ ನೋಂದಣಿಯಾದ ಸರಕು ವಾಹನಗಳ ಪ್ರವೇಶಕ್ಕೆ ವಿಧಿಸಿರುವ ನಿರ್ಬಂಧವು ಬಿ.ಎಸ್. ಮಟ್ಟವನ್ನು ಆಧರಿಸಿದೆ, ಬಿ.ಎಸ್.-4 ಲಾರಿಗಳಿಗೆ 2026ರ ಅಕ್ಟೋಬರ್ ಅಂತ್ಯದವರೆಗೆ ಮಾತ್ರ ಅವಕಾಶ ನೀಡಲಾಯಿತು. ದೂರದ ಮಾರುಕಟ್ಟೆಗೆ ಸರಕು ಕಳುಹಿಸುವ ನಮ್ಮ ಗೇರುಬೀಜ ಉದ್ದಿಮೆದಾರರು ಬಾಡಿಗೆ ಗಾಡಿ ಗೊತ್ತುಮಾಡುವಾಗ ಇದನ್ನು ವಿಚಾರಿಸಿಕೊಳ್ಳುವುದು ಲೇಸು.

ಇಷ್ಟಾದರೂ ಸರ್ಕಾರಗಳು ಮತ್ತೆ ಮತ್ತೆ ವಯಸ್ಸಿನ ನಿಯಮಕ್ಕೇ ಮರಳುವುದೇಕೆ? ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ನಮಗೆ ಅಹಿತವಾದುದು. ವಾಹನಕ್ಕೆ ಸಂಬಂಧಿಸಿದ ಎಲ್ಲ ಕಾಗದಗಳಲ್ಲಿ ಹಣ ಕೊಟ್ಟು ಬದಲಿಸಲು ಅತ್ಯಂತ ಕಷ್ಟವಾದುದು ಆರ್.ಸಿ.ಯಲ್ಲಿರುವ ನೋಂದಣಿ ದಿನಾಂಕ. ಎಮಿಷನ್ ಸರ್ಟಿಫಿಕೇಟು ಗಾಡಿಯನ್ನು ಕೊಂಡೊಯ್ಯದೆಯೇ ಸಿಗುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಎಫ್.ಸಿ.ಗೆ ಹೋಗುವ ದಿನ ಮಾತ್ರ ಬಾಡಿಗೆಯ ಟೈರು ಹಾಕಿಕೊಂಡು ಮರುದಿನ ಹಿಂದಿರುಗಿಸುವ ಪದ್ಧತಿಯನ್ನು ನಾನು ಹೇಳಬೇಕಾಗಿಲ್ಲ. ಹಳೆಯ ಡೀಸೆಲ್ ವಾಹನದ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿ.ಎಸ್.-4ಕ್ಕೆ 50 ಎಂದು ನಿಯಮವಿದೆ. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ತಮ್ಮ ಗಾಡಿಯ ಅಂಕೆಯನ್ನು ಹೇಳಬಲ್ಲರು? ಪರೀಕ್ಷೆಯನ್ನು ನಂಬಲಾಗದ ಕಡೆ ಸರ್ಕಾರ ಕ್ಯಾಲೆಂಡರನ್ನು ನಂಬುತ್ತದೆ. ವಯಸ್ಸಿನ ನಿಷೇಧವನ್ನು ವಿರೋಧಿಸುವ ವರ್ತಕನು ಪ್ರಾಮಾಣಿಕ ಪರೀಕ್ಷೆಯನ್ನು ತಾನೇ ಮುಂದೆ ನಿಂತು ಕೇಳಬೇಕು. ಎರಡೂ ಬೇಡವೆಂದರೆ ನಮ್ಮ ಮಾತಿಗೆ ಬೆಲೆಯಿರದು.

ಇನ್ನು ಹಣದ ವಿಚಾರ. ನಿಷೇಧವೆಂಬ ಹೆಸರಿಲ್ಲದೆಯೇ ಅದು ನಮ್ಮೂರಿಗೆ ಬರುತ್ತಿರುವುದು ಶುಲ್ಕದ ರೂಪದಲ್ಲಿ. 2021ರ ಅಕ್ಟೋಬರ್ ಅಧಿಸೂಚನೆಯು 15 ವರ್ಷ ಮೀರಿದ ಭಾರಿ ಸರಕು ವಾಹನದ ಎಫ್.ಸಿ. ಶುಲ್ಕವನ್ನು 12,500 ರೂಪಾಯಿಗೆ ಏರಿಸಿತು. 2025ರ ನವೆಂಬರ್ ತಿದ್ದುಪಡಿಯು 20 ವರ್ಷ ಮೀರಿದ ಭಾರಿ ವಾಹನಕ್ಕೆ 25,000 ರೂಪಾಯಿ ನಿಗದಿಪಡಿಸಿತು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಎಫ್.ಸಿ. ಪ್ರತಿ ವರ್ಷವೂ ಆಗಬೇಕು. ಜೊತೆಗೆ ರಾಜ್ಯದ ಹಸಿರು ತೆರಿಗೆ, ವಿಮೆ, ಶಿರೂರಿನಿಂದ ಉಡುಪಿಗೆ ಎಪ್ಪತ್ತಕ್ಕೂ ಹೆಚ್ಚು ಕಿ.ಮೀ. ಹೋಗಿಬರುವ ಒಂದು ದಿನದ ಬಾಡಿಗೆ ನಷ್ಟ. ಸರ್ಕಾರ ಈ ನಿಯಮವನ್ನು ತನಗೂ ಅನ್ವಯಿಸಿಕೊಂಡಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಆದರೆ ಸರ್ಕಾರ ಹೊಸ ಗಾಡಿಯನ್ನು ಬಜೆಟ್ಟಿನಿಂದ ಕೊಳ್ಳುತ್ತದೆ. ನನ್ನ ಕಕ್ಷಿದಾರರಿಗೆ ಬಜೆಟ್ಟೆಂಬುದು ಶನಿವಾರ ಸಂಜೆ ಕೈಗೆ ಬಂದ ಬಾಡಿಗೆ ಮಾತ್ರ.

ಹೊಸ ಲಾರಿಯ ಬೆಲೆ 30 ಲಕ್ಷವೆಂದೂ, ಮೂರು ಲಕ್ಷ ಕೈಯಿಂದ ಹಾಕಿ 27 ಲಕ್ಷವನ್ನು ಶೇ. 10ರ ಬಡ್ಡಿಗೆ ಐದು ವರ್ಷದ ಸಾಲ ಪಡೆದರೆಂದೂ ಇಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 57,000 ರೂಪಾಯಿ. 8,000 ಕಿ.ಮೀ. ಓಡುವ ಗಾಡಿಗೆ ಇದು ಕಿಲೋಮೀಟರಿಗೆ ಏಳು ರೂಪಾಯಿ ಚಿಲ್ಲರೆ. 1,000 ಕಿ.ಮೀ. ಓಡುವ ಗಾಡಿಗೆ 57 ರೂಪಾಯಿ. ಡೀಸೆಲ್, ಚಾಲಕನ ಸಂಬಳ, ಟೈರು ಇವುಗಳಿಗಿಂತ ಮೊದಲೇ. ಈ ದರದಲ್ಲಿ ಕೆಂಪುಕಲ್ಲು ಸಾಗಿಸಿದರೆ ಊರಿನಲ್ಲಿ ಮನೆ ಕಟ್ಟುವವರು ಯಾರು? ಹಳೆಯ ಗಾಡಿ ಉಳಿದುಕೊಂಡಿರುವುದು ಮಾಲೀಕನ ಜಿಪುಣತನದಿಂದಲ್ಲ, ಕೆಲಸದ ಗಾತ್ರಕ್ಕೆ ಅದು ಹೊಂದಿಕೊಳ್ಳುವುದರಿಂದ. ನೀತಿ ರೂಪಿಸುವವರು ಮರೆತಿರುವುದು ಈ ಅಂಶವನ್ನೇ.

ತೆರಿಗೆಯ ಹೊರೆಯೂ ಎಲ್ಲರಿಗೂ ಸಮನಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೂ 30 ಲಕ್ಷದ ಬಿಲ್ಲಿನಲ್ಲಿ ಸುಮಾರು ನಾಲ್ಕೂವರೆ ಲಕ್ಷ ತೆರಿಗೆಯೇ ಇದೆ. ತೆರಿಗೆಗೆ ಒಳಪಟ್ಟ ಸರಕಿನ ವರ್ತಕರು ಸ್ವಂತ ಲಾರಿ ಕೊಂಡರೆ ಇದನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ತಾಜಾ ಮೀನು ತೆರಿಗೆಮುಕ್ತ. ಆದುದರಿಂದ ಮೀನಿನ ವರ್ತಕನಿಗೆ ಜಮಾ ಇಲ್ಲ. ನೋಂದಣಿಯೇ ಇಲ್ಲದ ಒಂದು ಲಾರಿಯ ಮಾಲೀಕನಿಗೂ ಇಲ್ಲ. ಹಳೆಯದನ್ನು ಮಾರುವಾಗಲೂ ಎಚ್ಚರ ಬೇಕು. 12 ಲಕ್ಷಕ್ಕೆ ಕೊಂಡ ಬಾಡಿಗೆ ಲಾರಿಗೆ ಶೇ. 30ರಂತೆ ಸವಕಳಿ ಕಳೆಯುತ್ತ ಬಂದರೆ ಹದಿನೈದು ವರ್ಷದ ನಂತರ ಪುಸ್ತಕ ಮೌಲ್ಯ ಸುಮಾರು 5,700 ರೂಪಾಯಿ. ಅದನ್ನು ಮೂರು ಲಕ್ಷಕ್ಕೆ ಮಾರಿದರೆ, ಜಿ.ಎಸ್.ಟಿ. ನೋಂದಣಿ ಇರುವವರು ವ್ಯತ್ಯಾಸದ ಮೇಲೆ ಶೇ. 18ರಂತೆ ಸುಮಾರು 53,000 ರೂಪಾಯಿ ತೆರಬೇಕಾಗುತ್ತದೆ. ಈ ವಿಷಯ ತಿಳಿಯದೆ ಮಾರಿ, ಅನಂತರ ನೋಟೀಸು ಹಿಡಿದುಕೊಂಡು ಬಂದವರಿದ್ದಾರೆ.

ಸವಕಳಿಯ ಮಾತು ಬಂದುದರಿಂದ ನನ್ನ ವೃತ್ತಿಯ ತಪ್ಪೊಂದನ್ನೂ ಒಪ್ಪಿಕೊಳ್ಳುತ್ತೇನೆ. ಪ್ರತಿ ವರ್ಷವೂ ನಾವು ಲಾಭದಿಂದ ಸವಕಳಿ ಕಳೆದು ತೆರಿಗೆ ಉಳಿಸಿಕೊಡುತ್ತೇವೆ, ಕಕ್ಷಿದಾರರು ಸಂತೋಷಪಡುತ್ತಾರೆ. ಆ ಹಣ ಎಲ್ಲಿ ಹೋಯಿತೆಂದು ನಾವು ಕೇಳುವುದಿಲ್ಲ. ಅದು ಮನೆಯ ಮೇಲಂತಸ್ತಾಗಿರುತ್ತದೆ, ಮಗಳ ಮದುವೆಯಾಗಿರುತ್ತದೆ. ಪುಸ್ತಕದಲ್ಲಿ ಲಾರಿ ಸವೆದಿದೆ, ಅದರ ಉತ್ತರಾಧಿಕಾರಿಗೆ ಬಿಡಿಗಾಸೂ ಇಲ್ಲ. ಮೊದಲ ವರ್ಷದಿಂದಲೇ ತಿಂಗಳಿಗೆ 5,000 ರೂಪಾಯಿಯನ್ನು ಶೇ. 7ರ ಪ್ರತಿಫಲಕ್ಕೆ ಬೇರೆಯಾಗಿ ಇಟ್ಟಿದ್ದರೆ ಹದಿನೈದು ವರ್ಷಕ್ಕೆ ಹದಿನೈದು ಲಕ್ಷದ ಮೇಲೆ ಆಗುತ್ತಿತ್ತು. ಮೊದಲೇ ಹೇಳಿದ ಕಕ್ಷಿದಾರರ ಕಡತ ಹದಿನಾರು ವರ್ಷಗಳಿಂದ ನನ್ನ ಕಪಾಟಿನಲ್ಲಿದೆ. ಒಂದು ವರ್ಷವೂ ನಾನು ಈ ಮಾತನ್ನು ಅವರಿಗೆ ಹೇಳಲಿಲ್ಲ.

ಅವರಿಗೆ ಈಗ ಕೊಡಬಹುದಾದ ಸಲಹೆ ಏನು? ಹೊಸ ಲಾರಿ ಬೇಡ. 2020ರ ಏಪ್ರಿಲಿನ ನಂತರ ನೋಂದಣಿಯಾದ ಬಿ.ಎಸ್.-6 ಗಾಡಿಗಳು ದೂರಮಾರ್ಗದಿಂದ ಬಿಡುಗಡೆಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರಲಾರಂಭಿಸಿವೆ. ಅಂತಹದೊಂದನ್ನು ಅಥವಾ ಕನಿಷ್ಠ 2017ರ ನಂತರದ ಬಿ.ಎಸ್.-4 ಗಾಡಿಯನ್ನು ಕೊಳ್ಳುವುದೇ ಅವರ ಕೆಲಸದ ಗಾತ್ರಕ್ಕೆ ತಕ್ಕುದು. ಬಿ.ಎಸ್.-6ರಲ್ಲಿ ಯೂರಿಯಾ ದ್ರಾವಣ, ಸೆನ್ಸರು ಎಂಬ ಹೊಸ ತಲೆನೋವುಗಳಿವೆ ಎಂದು ಮೆಕ್ಯಾನಿಕ್ಕುಗಳು ದೂರುವುದು ಸುಳ್ಳಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಇಲ್ಲಿಯೇ 2021ರ ಗುಜರಿ ನೀತಿ ಎಡವಿರುವುದು. ನೋಂದಾಯಿತ ಕೇಂದ್ರದಲ್ಲಿ ಹಳೆಯ ವಾಹನ ಒಪ್ಪಿಸಿದರೆ ಹೊಸ ವಾಹನದ ಷೋರೂಂ ಬೆಲೆಯ ಶೇ. 4ರಿಂದ 6ರಷ್ಟು ಗುಜರಿ ಮೌಲ್ಯ, ತಯಾರಕರಿಂದ ಶೇ. 5ರ ರಿಯಾಯಿತಿಯ ಸಲಹೆ, ನೋಂದಣಿ ಶುಲ್ಕದ ವಿನಾಯಿತಿ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಸ್ತೆ ತೆರಿಗೆ ರಿಯಾಯಿತಿ ಎಂದು ಅದು ಹೇಳುತ್ತದೆ. ಗುಜರಿ ಮೌಲ್ಯವನ್ನು ಬಿಟ್ಟರೆ ಉಳಿದ ಎಲ್ಲವೂ ಹೊಸ ಗಾಡಿ ಕೊಳ್ಳುವವನಿಗೆ ಮಾತ್ರ. ಜೀವಮಾನದಲ್ಲಿ ಒಮ್ಮೆಯೂ ಎರಡನೆಯ ಹೊಸ ಲಾರಿ ಕೊಳ್ಳಲಾರದವನು ತನ್ನ ಠೇವಣಿ ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಿಕೊಳ್ಳಬಹುದು, ಅಷ್ಟೆ. ಬಿ.ಎಸ್.-2 ಗಾಡಿಯನ್ನು ಒಡೆಸಿ ಹಳೆಯ ಬಿ.ಎಸ್.-6 ಗಾಡಿ ಕೊಂಡವನೂ ಊರಿನ ಗಾಳಿಗೆ ಹದಿನೈದರಲ್ಲಿ ಹದಿನಾಲ್ಕು ಪಾಲು ಉಪಕಾರ ಮಾಡಿದ್ದಾನೆ. ಅವನಿಗೂ ರಸ್ತೆ ತೆರಿಗೆಯಲ್ಲಿ ರಿಯಾಯಿತಿ ದೊರೆಯಬೇಕೆಂದು ನಮ್ಮ ಚೇಂಬರ್ ರಾಜ್ಯ ಸರ್ಕಾರವನ್ನು ಕೇಳಬೇಕು. ಅದರ ಜೊತೆಗೆ, ಮನುಷ್ಯನ ಕೈ ಸೋಕದೆ ಯಂತ್ರವೇ ಅಳೆಯುವ ಸ್ವಯಂಚಾಲಿತ ಪರೀಕ್ಷಾ ಕೇಂದ್ರವೊಂದು ಕುಂದಾಪುರದ ಸುತ್ತಮುತ್ತ ಬೇಕೆಂಬ ಬೇಡಿಕೆಯನ್ನೂ ಇಡಬೇಕು. ಅಲ್ಲಿ ನಮ್ಮ ಕೆಲವು ಸದಸ್ಯರ ಗಾಡಿಗಳು ಅನುತ್ತೀರ್ಣವಾಗುವುದು ಖಂಡಿತ. ಬೇಡಿಕೆ ಇಡುವ ಮೊದಲೇ ಅದನ್ನು ಒಪ್ಪಿಕೊಂಡಿರಬೇಕು.

ಮನವಿಯ ಕರಡನ್ನು ನಾನು ಸಿದ್ಧಪಡಿಸುತ್ತಿದ್ದೇನೆ. ಅದಕ್ಕೆ ಅಂಕೆಗಳು ಬೇಕು. ಸದಸ್ಯ ಬಾಂಧವರು ತಮ್ಮಲ್ಲಿರುವ ಸರಕು ವಾಹನಗಳ ನೋಂದಣಿ ವರ್ಷ, ಬಿ.ಎಸ್. ಮಟ್ಟ, ತಿಂಗಳಿಗೆ ಓಡುವ ಕಿಲೋಮೀಟರು, ಸಾಗಿಸುವ ಸರಕು ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಚೇಂಬರಿನ ಕಛೇರಿಗೆ ತಲುಪಿಸಬೇಕಾಗಿ ವಿನಂತಿ. ಹೆಸರೂ ವಾಹನದ ನಂಬರೂ ಬೇಡ. ಎಮಿಷನ್ ಪರೀಕ್ಷೆಯ ಅಂಕೆಯನ್ನು ಬರೆಯುವವರು, ಗಾಡಿಯ ಸೈಲೆನ್ಸರಿಗೆ ನಿಜವಾಗಿ ಕೊಳವೆ ಇಟ್ಟು ಅಳೆಸಿದ್ದರೆ ಮಾತ್ರ ಬರೆಯಿರಿ; ಇಲ್ಲವಾದರೆ ಆ ಸಾಲನ್ನು ಖಾಲಿ ಬಿಡಿ.